ದ್ರಾಕ್ಷಿ ತೋಟಕ್ಕೆ ಬಾತುಕೋಳಿ ಬಿಡಬಹುದಾ?

ದಕ್ಷಿಣ ಆಫ್ರಿಕಾದ ವೈನ್ ತೋಟದಲ್ಲಿ ಬಾತುಕೋಳಿ ಓಡಾಡೋ ವಿಡಿಯೋ ನಿಜಾನಾ, ಚಿಕ್ಕಬಳ್ಳಾಪುರದ ನಿಮ್ಮ ಎರಡು ಎಕರೆಯಲ್ಲಿ ಹಿಟ್ಟು ತಿಗಣೆಗೆ (ಬಳ್ಳಿಯ ರಸ ಹೀರುವ, ಮೈಮೇಲೆ ಬಿಳಿ ಮೇಣ ಇರುವ ಕೀಟ) ಅದು ಆಗುತ್ತಾ ಅಂತ ಕೇಳಿದ್ದೀರಿ.

ವಿಡಿಯೋ ನಿಜಾನೇ. ಸ್ಟೆಲೆನ್‌ಬಾಷ್ ಹತ್ತಿರದ ವರ್ಗೆನೂಗ್ಡ್ ತೋಟದ್ದು. ಆ ತಳಿ ಹಾರುವುದಿಲ್ಲ, ಕತ್ತು ನೆಟ್ಟಗೆ ಮಾಡಿಕೊಂಡು ಓಡುತ್ತದೆ. ಹೆಸರು ‘ಇಂಡಿಯನ್ ರನ್ನರ್’, ನೋಡಿ! ಆದರೆ ಅಲ್ಲಿ ಅವು ತಿನ್ನುವುದು ಬಸವನಹುಳು. ಕೊಯ್ಲಿನ ಹೊತ್ತಿಗೆ ಬಾತುಕೋಳಿಗಳನ್ನು ಹೊರಗಿಡುತ್ತಾರೆ, ಇಲ್ಲದಿದ್ದರೆ ಹಣ್ಣೇ ಖಾಲಿ.

ಬಾತುಕೋಳಿ ಫೋಟೋಗೆ ಚೆಂದ. ಅಲ್ಲಿನ ದೊಡ್ಡ ಕೆಲಸ ಬೇರೆ ಇದೆ. ಆ ತೋಟ ಇರುವ ಕೇಪ್ ಸೀಮೆಯಲ್ಲಿ ಸುಮಾರು 9,000 ಜಾತಿಯ ಗಿಡಗಳಿವೆ, ಮುಕ್ಕಾಲು ಪಾಲಿನ ಹತ್ತಿರ ಬೇರೆಲ್ಲೂ ಸಿಗುವುದಿಲ್ಲ. ಬಳ್ಳಿ ನೆಡೋಕೆ ಅದನ್ನೆಲ್ಲ ಕಡಿಯುತ್ತಾ ಹೋದರೆ ಏನು ಉಳಿಯುತ್ತೆ ಅಂತ, 2004ರಲ್ಲಿ ವೈನ್‌ನವರೂ ಪರಿಸರದವರೂ ಸೇರಿ ತೋಟದ ಪಕ್ಕದ ಕಾಡುಪೊದೆ ಉಳಿಸುವ ಯೋಜನೆ ಶುರು ಮಾಡಿದರು.

ನಿಮ್ಮ ವಿಷಯಕ್ಕೆ ಬರ್ತೀನಿ. ನಿಮ್ಮದು ಚಪ್ಪರದ ತೋಟ ಅಲ್ವಾ? ಹಿಟ್ಟು ತಿಗಣೆ ಗೊಂಚಲಿನ ಒಳಗೆ, ತೊಗಟೆ ಸಂದಿಯಲ್ಲಿ ಕೂತಿರುತ್ತೆ. ಬಾತುಕೋಳಿ ನೆಲದಲ್ಲಿರುತ್ತೆ. ಸುಮ್ನೆ ದುಡ್ಡು ಹಾಕಬೇಡಿ.

ಅದರ ಬದಲು ಕ್ರಿಪ್ಟೊಲೀಮಸ್ ಅನ್ನೋ ಗುಲಗಂಜಿ ಹುಳು ಬಿಡಿ. ಬಿಡುವ ಮುಂಚೆ ಇರುವೆ ಹತ್ತದಂತೆ ನೋಡಿಕೊಳ್ಳಿ, ತಿಗಣೆಯ ಸಿಹಿ ಅಂಟಿಗಾಗಿ ಇರುವೆಗಳು ತಿಗಣೆಯನ್ನೇ ಕಾಯುತ್ತವೆ. ಆಮೇಲೆ ಜೋರು ಕೀಟನಾಶಕ ಹೊಡೆಯಬೇಡಿ. ಇನ್ನೊಂದು: ಈ ಹುಳುವಿನ ಮರಿಯೂ ಮೈತುಂಬಾ ಬಿಳಿ ಮೇಣ ಹೊತ್ತು ಥೇಟ್ ತಿಗಣೆ ಥರಾನೇ ಕಾಣುತ್ತೆ. ತುಂಬಾ ಜನ ಅದನ್ನೇ ಉಜ್ಜಿ ಸಾಯಿಸಿಬಿಡ್ತಾರೆ. ಸೈಜಲ್ಲಿ ದೊಡ್ಡದಾಗಿ, ಚುರುಕಾಗಿ ಓಡಾಡ್ತಿದ್ದರೆ ಅದು ನಿಮ್ಮ ಕಡೆಯದು.