ಉಜ್ಜಿದಷ್ಟೂ ಕೆರಳುವ ಮೊಡವೆ

ಪ್ರಶ್ನೆ: ನನಗೆ 22 ವರ್ಷ. ಮಧ್ಯಾಹ್ನವಾಗುವಷ್ಟರಲ್ಲಿ ಮುಖದಲ್ಲಿ ಎಣ್ಣೆ ಜಿನುಗುತ್ತದೆ. ಮೂಗಿನ ಮೇಲೆ ಬ್ಲ್ಯಾಕ್‌ಹೆಡ್ಸ್, ಗದ್ದದಲ್ಲಿ ಮೊಡವೆ. ಎಕ್ಸ್‌ಫೋಲಿಯೇಟಿಂಗ್ ಟೋನರ್ ಪ್ಯಾಡ್ (ಸತ್ತ ಚರ್ಮ ತೆಗೆಯುವ ದ್ರವದಲ್ಲಿ ನೆನೆಸಿದ ಬಟ್ಟೆಯ ಬಿಲ್ಲೆ) ತಂದು ಹತ್ತು ದಿನ ಬೆಳಿಗ್ಗೆ, ರಾತ್ರಿ ಉಜ್ಜಿದೆ. ಈಗ ಕೆನ್ನೆ ಉರಿಯುತ್ತಿದೆ, ಸಿಪ್ಪೆ ಏಳುತ್ತಿದೆ. ಯಾವ ಪ್ಯಾಡ್ ಕೊಳ್ಳಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಮೊದಲು ಆ ಡಬ್ಬಿ ಎತ್ತಿಡಿ. ಉರಿ, ಸಿಪ್ಪೆ ಪೂರ್ತಿ ನಿಲ್ಲುವವರೆಗೆ ಸೌಮ್ಯ ಫೇಸ್‌ವಾಶ್, ತೆಳು ಮಾಯಿಶ್ಚರೈಸರ್, ಹಗಲಲ್ಲಿ ಸನ್‌ಸ್ಕ್ರೀನ್, ಇಷ್ಟೇ ಸಾಕು. ನಮ್ಮ ಮೈಬಣ್ಣದಲ್ಲಿ ಕೆರಳಿದ ಜಾಗ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಕೂತುಬಿಡುತ್ತದೆ.

ಹೊಸದು ಕೊಳ್ಳುವಾಗ ಶೇ. 0.5ರಿಂದ 2ರಷ್ಟು ಸ್ಯಾಲಿಸಿಲಿಕ್ ಆಸಿಡ್ ಇರುವುದನ್ನು ಹುಡುಕಿ. ಅದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಎಣ್ಣೆ ತುಂಬಿದ ರಂಧ್ರದೊಳಕ್ಕೇ ಇಳಿದು ಕಟ್ಟಿಕೊಂಡಿದ್ದನ್ನು ಸಡಿಲಿಸುತ್ತದೆ. ಇಂಥ ಪ್ಯಾಡ್‌ಗಳಲ್ಲಿ ಸಿಗುವ ಇನ್ನೊಂದು, ಗ್ಲೈಕೋಲಿಕ್ ಆಸಿಡ್, ನೀರಿನಲ್ಲಿ ಕರಗುವಂಥದ್ದು, ಅದರ ಕೆಲಸ ಹೆಚ್ಚಾಗಿ ಮೇಲ್ಪದರದಲ್ಲೇ. ಕೊರಿಯಾದ ಹಲವು ಪ್ಯಾಡ್‌ಗಳಲ್ಲಿರುವ ಬೀಟೈನ್ ಸ್ಯಾಲಿಸಿಲೇಟ್ ಸ್ಯಾಲಿಸಿಲಿಕ್‌ನದೇ ಜಾತಿ, ಆದರೆ ಇನ್ನಷ್ಟು ಮೃದು, ನೀವು ಅದರಿಂದಲೇ ಶುರುಮಾಡಬಹುದು. ಪದಾರ್ಥಗಳ ಪಟ್ಟಿಯ ಮೊದಲ ನಾಲ್ಕೈದು ಹೆಸರಲ್ಲಿ ಚರ್ಮ ಒಣಗಿಸುವ ಆಲ್ಕೋಹಾಲ್ ಡಿನ್ಯಾಟ್ (Alcohol Denat.) ಕಂಡರೆ ಬೇಡ. ಮೆಂಥಾಲ್ ಇದ್ದರೂ ಬೇಡ. ಚುರುಗುಟ್ಟಿದರೆ ಔಷಧ ಹಿಡಿಯುತ್ತಿದೆ ಎಂದಲ್ಲ.

ಪ್ಯಾಡಿನ ಬಟ್ಟೆಯನ್ನೂ ನೋಡಬೇಕು. ಬಹಳಷ್ಟರಲ್ಲಿ ಒಂದು ಬದಿ ನುಣುಪು, ಇನ್ನೊಂದು ಬದಿ ಉಬ್ಬು ಚುಕ್ಕೆಗಳಿಂದ ಟವೆಲಿನಂತೆ ತರಿತರಿ. ಆಸಿಡ್ ಸುಲಿಯುವ ಪದರವನ್ನೇ ಈ ತರಿ ಬದಿಯೂ ಕೆರೆಯುತ್ತದೆ. ದಿನಕ್ಕೆರಡು ಸಲ ಹೀಗೆ ಉಜ್ಜಿದರೆ ಕೆನ್ನೆ ಉರಿಯದೆ ಇರುತ್ತದೆಯೇ? ಮೊಡವೆ ಇರುವ ಮುಖಕ್ಕೆ ನುಣುಪು ಬದಿ ಮಾತ್ರ.

ವಾರಕ್ಕೆ ಎರಡು ರಾತ್ರಿ, ತೊಳೆದ ಮುಖ ಪೂರ್ತಿ ಆರಿದ ಮೇಲೆ ಮೂಗು, ಹಣೆ, ಗದ್ದದ ಮೇಲೆ ಒಂದೊಂದೇ ಸಲ ಒತ್ತದೆ ಸವರಿ. ಕೆನ್ನೆ ಬಿಡಿ. ಹೊಳ್ಳೆಯ ಪಕ್ಕದ ಮಡಿಕೆ, ಕಣ್ಣು, ತುಟಿಯ ಹತ್ತಿರ ಬೇಡ. ನಂತರ ಮಾಯಿಶ್ಚರೈಸರ್. ಎರಡು ವಾರ ಉರಿ ಬರದಿದ್ದರೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಮಾಡಿ. ಮೊಡವೆಯ ಔಷಧಗಳಾದ ಅಡಾಪಲೀನ್ ಅಥವಾ ಬೆಂಜಾಯಿಲ್ ಪೆರಾಕ್ಸೈಡ್ ಹಚ್ಚುವ ರಾತ್ರಿ ಪ್ಯಾಡ್ ಮುಟ್ಟಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು.

ಡಬ್ಬಿಯಲ್ಲಿ ದ್ರವ ತಳಕ್ಕಿಳಿದು ಮೇಲಿನ ಪ್ಯಾಡ್‌ಗಳು ಒಣಗುತ್ತವೆ. ಮುಚ್ಚಳ ಬಿಗಿಮಾಡಿ ಆಗಾಗ ಬೋರಲು ಹಾಕಿ ಇಡಿ.

ಆಸ್ಪಿರಿನ್ ಅಲರ್ಜಿ ಇದ್ದರೆ ಸ್ಯಾಲಿಸಿಲಿಕ್ ಬೇಡ. ಗದ್ದದಲ್ಲಿರುವುದು ಆಳದ, ನೋಯುವ ಗಂಟುಗಳಾದರೆ ಪ್ಯಾಡಿನಿಂದ ಹೋಗುವುದಿಲ್ಲ, ಕಲೆ ಉಳಿಯುವ ಮೊದಲೇ ಚರ್ಮರೋಗ ತಜ್ಞರಿಗೆ ತೋರಿಸಿ.