ವ್ಯಾಕರಣದ ಆಟದಲ್ಲಿ ಅಂಕ ಯಾವುದಕ್ಕೆ?

ಪ್ರಶ್ನೆ: ನಾನು 8 ಮತ್ತು 9ನೇ ತರಗತಿಗಳಿಗೆ ಕನ್ನಡ ಕಲಿಸುತ್ತೇನೆ. ಸಂಧಿ, ವಿಭಕ್ತಿಗಳ ಪುನರಾವರ್ತನೆಗೆಂದು ರಸಪ್ರಶ್ನೆ ಆಡಿಸಿದರೆ ಎಲ್ಲರೂ ಉತ್ಸಾಹ ತೋರುತ್ತಾರೆ. ಆದರೆ ಉತ್ತರಿಸುವವರು ಯಾವಾಗಲೂ ಅದೇ ನಾಲ್ಕೈದು ಮಂದಿ; ಪರೀಕ್ಷೆಯಲ್ಲಿ ತಪ್ಪುಗಳೂ ಹಳೆಯವೇ. ಆಟವನ್ನು ಕೈಬಿಡಬೇಕೇ?

ಉತ್ತರ: ಕೈಬಿಡುವುದು ಬೇಡ, ನಿಯಮವನ್ನು ಬದಲಿಸಿ. ಮೊದಲು ಕೈಯೆತ್ತಿದವರಿಗೆ ಅಂಕ ದೊರೆಯುವ ಆಟದಲ್ಲಿ ಬಲ್ಲವರು ತಮಗೆ ಗೊತ್ತಿರುವುದನ್ನೇ ಮತ್ತೊಮ್ಮೆ ಹೇಳುತ್ತಾರೆ. ಪುನರಾವರ್ತನೆ ನಿಜವಾಗಿ ಬೇಕಿರುವ ವಿದ್ಯಾರ್ಥಿಯು ಯೋಚಿಸಿ ಮುಗಿಸುವ ಮೊದಲೇ ಉತ್ತರ ಕಿವಿಗೆ ಬಿದ್ದಿರುತ್ತದೆ. ಆದ್ದರಿಂದ ಅಂಕವು ವೇಗಕ್ಕಲ್ಲ, ಕಾರಣ ಹೇಳುವುದಕ್ಕೆ ಸಿಗಬೇಕು.

ಇದಕ್ಕೆ ನಾನು ಬಹಳ ನೆಚ್ಚಿಕೊಂಡಿರುವುದು ವಾಕ್ಯಗಳ ಹರಾಜು. ವಿದ್ಯಾರ್ಥಿಗಳ ಬರಹಗಳಿಂದಲೇ, ಯಾರದೆಂದು ಹೇಳದೆ, ಹತ್ತು ವಾಕ್ಯಗಳನ್ನು ಆರಿಸಿಕೊಳ್ಳಿ. ಕೆಲವು ಸರಿಯಾಗಿರಲಿ, ಉಳಿದವು 'ನಾನು ಅವನಿಗೆ ನೋಡಿದೆನು', 'ಹುಡುಗರು ಮೈದಾನದಲ್ಲಿ ಆಡುತ್ತಿದ್ದಾನೆ' ಎಂಬಂಥವಾಗಿರಲಿ. ನಾಲ್ವರ ಗುಂಪುಗಳಿಗೆ ತಲಾ 100 ಅಂಕಗಳನ್ನು ಕೊಟ್ಟು, ಸರಿಯೆಂದು ತೋರಿದ ವಾಕ್ಯಗಳನ್ನು ಮಾತ್ರ ಕೂಗಿ ಕೊಳ್ಳುವಂತೆ ಹೇಳಿ. ಹರಾಜಿಗೆ ಮುನ್ನ ಗುಂಪಿನೊಳಗಿನ ಚರ್ಚೆಗೆ ಐದು ನಿಮಿಷ ಬಿಡುವುದನ್ನು ಎಂದೂ ತಪ್ಪಿಸಬೇಡಿ. ಕಲಿಕೆ ಹೆಚ್ಚಾಗಿ ನಡೆಯುವುದು ಅಲ್ಲಿಯೇ. ತಪ್ಪು ವಾಕ್ಯವನ್ನು ಕೊಂಡ ಗುಂಪು ಅದನ್ನು ತಿದ್ದಿ, 'ನೋಡು' ಎಂಬ ಕ್ರಿಯೆಯ ಕರ್ಮಕ್ಕೆ ದ್ವಿತೀಯಾ ವಿಭಕ್ತಿ ಬೇಕೆಂದು ವಿವರಿಸಿದರೆ ಅರ್ಧದಷ್ಟು ಅಂಕವನ್ನು ಮರಳಿಸಿ. ವಿವರಿಸುವವರು ಯಾರೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರೆ, ಗುಂಪಿನ ಜಾಣರು ಉಳಿದವರಿಗೆ ತಾವಾಗಿಯೇ ಹೇಳಿಕೊಡುತ್ತಾರೆ.

ಸಂಧಿಗೆ ಇನ್ನೂ ಸರಳವಾದ ಆಟ ಸಾಕು. 'ಊರು' ಮತ್ತು 'ಗುರು' ಪದಗಳಿಗೆ 'ಅನ್ನು' ಸೇರಿಸಿ, ಪ್ರತಿಯೊಬ್ಬರೂ ಹಾಳೆಯಲ್ಲಿ ಬರೆದು ಏಕಕಾಲಕ್ಕೆ ಎತ್ತಿ ಹಿಡಿಯಲಿ. ಯಾರಿಗೆ ಎಲ್ಲಿ ತೊಡಕಾಗಿದೆಯೆಂಬುದು ನಿಮಗೆ ಒಂದೇ ನೋಟಕ್ಕೆ ಕಾಣುತ್ತದೆ. ಬಳಿಕ, 'ಊರನ್ನು' ಎನ್ನುವಲ್ಲಿ ಲೋಪವಾದ ಉಕಾರ 'ಗುರುವನ್ನು' ಎನ್ನುವಲ್ಲಿ ಏಕೆ ಉಳಿಯಿತು, ವಕಾರ ಏಕೆ ಬಂದಿತು ಎಂದು ಕೇಳಿ. 'ಗುರನ್ನು' ಎಂದರೆ ಅರ್ಥ ಕೆಡುತ್ತದೆಂದು ಒಬ್ಬರು ಹೇಳಿದರೂ ಲೋಪಸಂಧಿ ಮತ್ತು ಆಗಮಸಂಧಿಗಳ ವ್ಯತ್ಯಾಸ ಎಲ್ಲರಿಗೂ ಸ್ಪಷ್ಟವಾಗುತ್ತದೆ.

ಪ್ರೌಢಶಾಲೆಯ ಹಿರಿಯ ವಿದ್ಯಾರ್ಥಿಗಳಿಗೆ ಎಳೆಯರ ಆಟಗಳು ಮುಜುಗರ ತರುವುದುಂಟು. ಹರಾಜಿನ ವಾಕ್ಯಗಳನ್ನು ರಚಿಸುವ ಹೊಣೆಯನ್ನು ಅವರಿಗೇ ಒಪ್ಪಿಸಿ. ಆಟ ಇಪ್ಪತ್ತು ನಿಮಿಷ ಮೀರದಿರಲಿ. ಅವಧಿಯ ಕೊನೆಯಲ್ಲಿ ಪ್ರತಿಯೊಬ್ಬರೂ ಅದೇ ನಿಯಮವನ್ನು ಬಳಸಿ ಮೂರು ಹೊಸ ವಾಕ್ಯಗಳನ್ನು ಒಬ್ಬೊಬ್ಬರಾಗಿ ಬರೆಯಲಿ. ಅವುಗಳಲ್ಲಿ ಕಂಡುಬಂದ ತಪ್ಪುಗಳನ್ನೇ ಮುಂದಿನ ವಾರದ ಹರಾಜಿಗೆ ಎತ್ತಿಡಿ.