ಡೈರೆಕ್ಟರ್ ಸಂಬಳ ನಾವು ಕೇಳದೆ ಮತ್ಯಾರು ಕೇಳ್ಬೇಕು?

ಉಡುಪಿ ಕುಂಜಿಬೆಟ್ಟಿನ ನಿವೃತ್ತ ಮಾಸ್ಟ್ರೊಬ್ಬರು ಬರೆದಿದ್ದಾರೆ: "ನನ್ನತ್ರ ಒಂದು ಕಂಪನಿಯ 200 ಶೇರುಂಟು. ಈ ವರ್ಷ ಡಿವಿಡೆಂಡ್ ಇಳಿಸಿದ್ರು, ಡೈರೆಕ್ಟರುಗಳ ಕಮಿಷನ್ (ಲಾಭದಲ್ಲಿ ಅವರಿಗೆ ಕೊಡುವ ಪಾಲು) ಏರಿಸಿದ್ರು. ನಮ್ಮಂಥವರು ಹೇಳಿ ಎಂತ ಆಗ್ಲಿಕ್ಕುಂಟು?"

ಮಾಸ್ಟ್ರೇ, ಒಳ್ಳೆ ಡೈರೆಕ್ಟರ್ ಬೇಕಾದ್ರೆ ಒಳ್ಳೆ ದುಡ್ಡು ಕೊಡ್ಬೇಕು, ಅದು ಸರಿಯೇ. ಹೆಚ್ಚುಕಮ್ಮಿಯಾದ್ರೆ ಕೇಸು ಬೀಳೋದು ಅವರ ಮೇಲೆ. ಆದ್ರೆ ಎಷ್ಟು ಕೊಡೋದು ಅಂತ ಹೇಳ್ಲಿಕ್ಕೆ ದುಡ್ಡು ಹಾಕಿದ ನಿಮಗೆ ಹಕ್ಕಿಲ್ಲ ಅಂತ ಯಾರು ಹೇಳಿದ್ದು? 2013ರ ಕಂಪನಿ ಕಾಯ್ದೆಯಲ್ಲೇ ಮಿತಿ ಉಂಟು, ಎಲ್ಲ ಡೈರೆಕ್ಟರುಗಳಿಗೆ ಸೇರಿ ನಿವ್ವಳ ಲಾಭದ 11%, ಎಂಡಿ (ಕಂಪನಿ ನಡೆಸುವ ಡೈರೆಕ್ಟರ್) ಇರುವ ಕಡೆ ದಿನನಿತ್ಯದ ಕೆಲಸ ನೋಡದ ಡೈರೆಕ್ಟರುಗಳಿಗೆ ಒಟ್ಟು 1%, ಅದು ದಾಟ್ಬೇಕಾದ್ರೆ ಶೇರುದಾರರಾದ ನಿಮ್ಮ ವೋಟಿಗೆ ಬರ್ಲೇಬೇಕು. ಮೀಟಿಂಗಿಗೆ ಕೂತದ್ದರ ಸಿಟ್ಟಿಂಗ್ ಫೀ ಬೇರೆ, ಒಂದು ಸಲಕ್ಕೆ 1 ಲಕ್ಷದವರೆಗೆ ಕೊಡ್ಬಹುದು.

ಕೇಳಿದ್ರೆ ಎಂತ ಆಗ್ತದೆ ಅಂತೀರಲ್ಲ, 2021ರ ಆಗಸ್ಟಲ್ಲಿ ರಾಯಲ್ ಎನ್‌ಫೀಲ್ಡ್ ಬೈಕಿನ ಐಷರ್ ಮೋಟಾರ್ಸಲ್ಲಿ ಎಂಡಿಯ ಮರುನೇಮಕ ಮತ್ತು ಸಂಬಳದ ವಿಶೇಷ ನಿರ್ಣಯ ಬಿದ್ದೇ ಹೋಯ್ತು. 75% ಬೇಕಿತ್ತು, 73ರ ಹತ್ರ ನಿಂತಿತು, ಆಮೇಲೆ ಸಂಬಳದ ಮಿತಿ ಇಳಿಸಿಯೇ ವಾಪಸ್ ಬಂದ್ರು. ದೊಡ್ಡ ಮ್ಯೂಚುವಲ್ ಫಂಡುಗಳಂಥವರ ವೋಟೇ ಅಲ್ಲಿ ಜಾಸ್ತಿ, ಹೌದು, ಆದ್ರೆ ಆ ಫಂಡಲ್ಲಿ ಇರೋದು ಯಾರು ತಿಂಗಳು ತಿಂಗಳು ಕಟ್ಟುವ ಎಸ್‌ಐಪಿ ದುಡ್ಡು ಮಾರಾಯ್ರೆ? ನಮ್ಮದೇ ಅಲ್ವಾ.

ಈಗ ನಿಮ್ಮನ್ನೇ ಕೇಳ್ತೇನೆ, ಬೇಜಾರು ಮಾಡ್ಬೇಡಿ. ಕಂಪನಿ ಸಭೆಯ ನಿರ್ಣಯಗಳಿಗೆ ನೀವು ವೋಟ್ ಹಾಕಿದ್ರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಊರಿನ ದೇವಸ್ಥಾನದ ಬ್ರಹ್ಮಕಲಶದ ಲೆಕ್ಕ ಮಂಡನೆಯಲ್ಲಿ ಶಾಮಿಯಾನದ ಬಾಡಿಗೆ ಯಾಕೆ ಇಷ್ಟಾಯ್ತು ಅಂತ ಎದ್ದು ನಿಂತು ಕೇಳ್ತೇವೆ, ನಾವೇ ಪಾಲುದಾರರಾದ ಕಂಪನಿಯ ಇ-ವೋಟಿಂಗ್ (ಆನ್‌ಲೈನಲ್ಲಿ ವೋಟ್ ಹಾಕುವ) ಮೇಲ್ ಬಂದ್ರೆ ಓಪನ್ ಕೂಡಾ ಮಾಡೋದಿಲ್ಲ.

ನನ್ನ ಚಿಕ್ಕಪ್ಪ ಒಬ್ರಿದ್ರು, ವಾರ್ಷಿಕ ವರದಿ ಪೋಸ್ಟಲ್ಲಿ ಬಂದ ದಿನ ಚಾವಡಿಯಲ್ಲಿ ಕೂತು ಹಿಂದಿನ ಪುಟದಿಂದ ಓದ್ಲಿಕ್ಕೆ ಶುರು, ಡೈರೆಕ್ಟರುಗಳ ಸಂಭಾವನೆ ಬಂದಲ್ಲಿ ಕೆಂಪು ಪೆನ್ನಲ್ಲಿ ಗೆರೆ, ಪಕ್ಕದಲ್ಲಿ ಹೋದ ವರ್ಷದ್ದು. ಈಗ ಲಿಂಕ್ ಬರ್ತದೆ, ಡೈರೆಕ್ಟರ್ ಸಂಬಳ, ಸಂಬಳದ ಸಾಲಲ್ಲಿ ಸರಿ ಮಧ್ಯದಲ್ಲಿ ಬರುವ ನೌಕರನ ಸಂಬಳದ ಎಷ್ಟು ಪಟ್ಟು ಅಂತ ಲಿಸ್ಟೆಡ್ (ಶೇರು ಮಾರುಕಟ್ಟೆಯಲ್ಲಿರುವ) ಕಂಪನಿ ಹೇಳ್ಲೇಬೇಕು, ಹೇಳ್ತಾರೆ ಸಹ, ಆದ್ರೆ ಎಲ್ಲೋ ಒಂದು ಅನುಬಂಧದಲ್ಲಿ, ಹುಡುಕುವ ತಾಳ್ಮೆ ಯಾರಿಗುಂಟು?

1906ರಲ್ಲಿ ಮಂಗಳೂರಲ್ಲಿ ಕೆನರಾ, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಊರಿನವರು ನಾವು. 2020ರಲ್ಲಿ ನಮ್ಮದೇ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್, ಕಾರ್ಪೊರೇಷನ್ ಎರಡೂ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದ ಮೇಲೆ ಹೆಡ್ ಆಫೀಸೂ ಹೋಯ್ತು, ಎದುರು ಕೂತು ಪ್ರಶ್ನೆ ಕೇಳುವ ಅಭ್ಯಾಸವೂ ಹೋಯ್ತು ಅಂತ ನನಗೆ ನಿಜವಾಗ್ಲೂ ಸಂಕಟ ಆಗ್ತದೆ. ಬ್ಯಾಂಕಿಂಗ್ ಕಲಿಸಿದ ಜಿಲ್ಲೆಯ ಮಕ್ಕಳಿಗೆ ಶೇರು ಅಂದ್ರೆ ಬೆಳಿಗ್ಗೆ ತಗೊಂಡು ಸಂಜೆ ಮಾರೋದು ಅಂತ ಮಾತ್ರ ಗೊತ್ತು, ಅದಕ್ಕೊಂದು ವೋಟ್ ಉಂಟು ಅಂತ ಯಾವ ಕಾಲೇಜಲ್ಲಿ ಮನಸ್ಸಿಟ್ಟು ಹೇಳ್ತಾರೆ?

ಇ-ವೋಟಿಂಗ್ ಕನಿಷ್ಠ ಮೂರು ದಿನ ತೆರೆದಿರ್ತದೆ, ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ತದೆ. ಮುಂದಿನ ಸಲ ವೋಟ್ ಹಾಕಿ, ಕಮಿಷನ್ ಯಾಕೆ ಏರಿಸಿದ್ದು ಅಂತ ಕಂಪನಿ ಸೆಕ್ರೆಟರಿಗೆ ಒಂದು ಮೇಲ್ ಹಾಕಿ, ಉತ್ತರ ಬಂದ್ರೆ ನಮಗೂ ಕಳಿಸಿ ಮಾಸ್ಟ್ರೇ, ಪೂರ್ತಿ ಹಾಕ್ತೇವೆ.

-ಸಂ.